ತುಕ್ಕು ಹಿಡಿದು ಬಿಗಿದ ಮೂರು ಇಂಚಿನ ವೈಸ್: ಬಿಚ್ಚೋದು ಹೇಗೆ, ತೋಟದ ಕೆಲಸಕ್ಕೆ ಹೊಂದಿಸೋದು ಹೇಗೆ?

ಹಾತೂರು_ತೋಟ:

ಎಲ್ಲರಿಗೂ ನಮಸ್ಕಾರ. ಮೂರು ಇಂಚು ಬಾಯಿಯ ಹಳೇ ಬೆಂಚ್ ವೈಸ್ (ಕೆಲಸದ ವಸ್ತುವನ್ನು ಕಚ್ಚಿ ಹಿಡಿಯುವ ಸಾಧನ) ಒಂದಿದೆ. ನಮ್ಮ ಕಾಫಿ ತೋಟದ ಪಲ್ಪರ್ ಶೆಡ್ಡಿನಲ್ಲಿ (ಹಣ್ಣಿನ ಸಿಪ್ಪೆ ಬಿಡಿಸುವ ಜಾಗ) ಸ್ಪ್ರೇಯರ್ ಪಂಪು, ಹರಿದ ಗೋಣಿ ಎಲ್ಲದರ ಅಡಿಯಲ್ಲಿ ಸಿಕ್ಕಿತು. ಅಜ್ಜನ ಕಾಲದ್ದು ಅಂತ ಮನೆಯಲ್ಲಿ ಹೇಳುತ್ತಾರೆ. ಪಕ್ಕದಲ್ಲಿ ಮೇಡ್ ಇನ್ ಇಂಗ್ಲೆಂಡ್ ಅಂತ ಉಬ್ಬು ಅಕ್ಷರ ಕಾಣುತ್ತದೆ, ಕಂಪನಿ ಹೆಸರಿನ ಜಾಗ ತುಕ್ಕಿನಲ್ಲಿ ಮುಚ್ಚಿಹೋಗಿದೆ. ಗುಜರಿಗೆ ಹಾಕಲು ಮನಸ್ಸಿಲ್ಲ.

ಸ್ಥಿತಿ ಹೇಳುತ್ತೇನೆ. ಸ್ಕ್ರೂ ತಿರುಗುತ್ತಲೇ ಇಲ್ಲ. ಹಿಡಿ ಸ್ವಲ್ಪ ಬಗ್ಗಿದೆ. ಬಾಯಿಯ ಪಟ್ಟಿಗಳಲ್ಲಿ ಒಂದು ಇಲ್ಲವೇ ಇಲ್ಲ, ಇನ್ನೊಂದು ಒಂದೇ ಸ್ಕ್ರೂ ಮೇಲೆ ನಿಂತಿದೆ, ಆ ಸ್ಕ್ರೂವಿನ ತಲೆಯ ಗೀರೂ ಸವೆದು ಹೋಗಿದೆ. ತಳದಲ್ಲಿ ಬೋಲ್ಟ್ ಹಾಕುವ ನಾಲ್ಕು ಕಿವಿಗಳಿವೆ, ಅದರಲ್ಲಿ ಒಂದು ಮುರಿದಿದೆ. ಮೈ ಮೇಲೆ ಸ್ಕ್ರೂ ಹೋಗುವ ಜಾಗದ ಹತ್ತಿರ ಉದ್ದಕ್ಕೆ ಒಂದು ಗೆರೆ ಕಾಣುತ್ತದೆ. ಅದು ಬಿರುಕೋ, ಎರಕದ ಗುರುತೋ ನನಗೆ ತಿಳಿಯುತ್ತಿಲ್ಲ.

ಶೋಕೇಸಿನಲ್ಲಿ ಇಡೋದಕ್ಕೆ ಅಲ್ಲ ನಾನು ಕೇಳುತ್ತಿರೋದು. ಶೆಡ್ಡಿನಲ್ಲಿ ದೊಡ್ಡ ವೈಸ್ ಒಂದು ಇದೆ, ಅದನ್ನು ಅಲ್ಲಾಡಿಸಲು ಆಗಲ್ಲ. ಆದರೆ ಮರಗಸಿ (ನೆರಳು ಮರದ ಕೊಂಬೆ ಕಡಿಯುವ) ಸಮಯದಲ್ಲಿ ಚೈನ್ ಸಾ ಮೊಂಡಾಗುವುದು ತೋಟದ ಆ ತುದಿಯಲ್ಲಿ, ಕಳೆ ಮಿಷನ್ನಿನ ಬ್ಲೇಡ್ ಮೊಂಡಾಗುವುದು ಇನ್ನೊಂದು ತುದಿಯಲ್ಲಿ, ಗಿಡಗಸಿ ಕತ್ತರಿಗಳ (ಕಾಫಿ ಗಿಡ ಸವರುವವು) ಕಥೆಯೂ ಅಷ್ಟೇ. ಪ್ರತಿ ಸಲ ಒಬ್ಬರು ಶೆಡ್ಡಿಗೆ ನಡೆದು ಬಂದು ಹೋಗುವಷ್ಟರಲ್ಲಿ ಅರ್ಧ ಬೆಳಗ್ಗೆ ಮುಗಿಯುತ್ತದೆ. ಈ ಚಿಕ್ಕ ವೈಸನ್ನು ತೋಟದ ಒಳಗೆ ಎತ್ತಿಕೊಂಡು ಹೋಗುವ ಹಾಗೆ ಮಾಡಬಹುದಾ? ಮೊದಲು ಇದನ್ನು ಒಡೆಯದೆ ಬಿಚ್ಚೋದು ಹೇಗೆ? ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಆಯುಧಗಳ ಜೊತೆ ಇದನ್ನೂ ಇಟ್ಟು ಪೂಜೆ ಮಾಡುವಂತಾದರೆ ತುಂಬಾ ಸಂತೋಷ.

ಫಿಟ್ಟರ್_ಮೇಷ್ಟ್ರು:

ಹಾತೂರಿನವರೇ, ಉಳಿಸಬೇಕು ಅಂದಿರಲ್ಲ, ಒಳ್ಳೆಯ ನಿರ್ಧಾರ. ಆದರೆ ಎಣ್ಣೆ, ಬೆಂಕಿ, ಸುತ್ತಿಗೆ ಯಾವುದಕ್ಕೂ ಕೈ ಹಾಕುವ ಮುಂಚೆ ಆ ಗೆರೆ ಏನು ಅಂತ ನೋಡಿ. ಅದು ಬಿರುಕಾಗಿದ್ದರೆ ಮುಂದಿನ ಕೆಲಸವೆಲ್ಲ ಬೇರೆ ದಾರಿ ಹಿಡಿಯುತ್ತದೆ.

ಪರೀಕ್ಷೆ ಸುಲಭ. ಆ ಜಾಗವನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿ ಲೋಹ ಕಾಣುವ ಹಾಗೆ ಮಾಡಿ. ಸೀಮೆಎಣ್ಣೆ ಹಚ್ಚಿ ಒಂದಷ್ಟು ಹೊತ್ತು ಬಿಡಿ. ಆಮೇಲೆ ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ತೆಳ್ಳಗೆ ಉದುರಿಸಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮೇಲೆ ಬಂದು ಸುಣ್ಣದ ಮೇಲೆ ಗೆರೆ ಮೂಡುತ್ತದೆ. ಎರಕದ ಅಚ್ಚು ಸೇರುವ ಜಾಗದ ಗುರುತಾದರೆ ಏನೂ ಮೂಡುವುದಿಲ್ಲ. ಅಚ್ಚಿನ ಗೆರೆ ಸಾಮಾನ್ಯವಾಗಿ ಮೈಯ ನಟ್ಟನಡುವೆ ನೇರವಾಗಿ, ಸ್ವಲ್ಪ ಉಬ್ಬಿಕೊಂಡು ಓಡುತ್ತದೆ. ಬಿರುಕು ಅಂಕುಡೊಂಕಾಗಿ ಹೋಗುತ್ತದೆ, ಮೂಲೆಯಿಂದ ಅಥವಾ ತೂತಿನ ಅಂಚಿನಿಂದ ಶುರುವಾಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ವೈಸಿನ ಮೈ ಬೀಡು ಕಬ್ಬಿಣ. ಸ್ಕ್ರೂ, ಹಿಡಿ, ಬಾಯಿ ಪಟ್ಟಿ ಇವು ಉಕ್ಕು. ಬೀಡಿನಲ್ಲಿ ಇಂಗಾಲ ಶೇಕಡಾ 2ಕ್ಕಿಂತ ಜಾಸ್ತಿ, ಹೆಚ್ಚಾಗಿ 3ರ ಆಸುಪಾಸು. ಆ ಇಂಗಾಲ ಒಳಗೆ ಗ್ರಾಫೈಟ್ ಚೂರುಗಳಾಗಿ ಹರಡಿಕೊಂಡಿರುತ್ತದೆ. ಅದಕ್ಕೇ ಬೀಡು ಒತ್ತಡ ಎಷ್ಟಾದರೂ ತಡೆಯುತ್ತದೆ, ಎಳೆತ ಮತ್ತು ಏಟು ತಡೆಯುವುದಿಲ್ಲ. ಉಕ್ಕು ಬಗ್ಗಿ ಮೊದಲೇ ಎಚ್ಚರಿಕೆ ಕೊಡುತ್ತದೆ. ಬೀಡು ಬಗ್ಗುವುದಿಲ್ಲ, ಒಂದೇ ಸಲ ಟಪ್ ಅಂತ ಬಿಡುತ್ತದೆ. ನಿಮ್ಮ ವೈಸಿನ ಹಿಡಿ ಬಗ್ಗಿದೆ ಅಂದರೆ ಯಾರೋ ಹಿಂದೆ ಅದಕ್ಕೆ ಪೈಪ್ ತೂರಿಸಿ ಬಿಗಿ ಮಾಡಿದ್ದಾರೆ. ಒಳ್ಳೆಯ ವೈಸಿನಲ್ಲಿ ಹಿಡಿಯನ್ನು ಮೆದು ಉಕ್ಕಿನಲ್ಲಿ ಮಾಡುವುದೇ ಅದಕ್ಕೆ, ಹಿಡಿ ಬಗ್ಗಲಿ, ಮೈ ಉಳಿಯಲಿ ಅಂತ. ಹಾಗಾಗಿ ಬಗ್ಗಿದ ಹಿಡಿ ನೋಡಿ ಬೇಜಾರು ಮಾಡಬೇಡಿ. ನಿಮ್ಮ ದೊಡ್ಡ ವೈಸಿನಲ್ಲಿ ಹಿಡಿದು ತಣ್ಣಗಿರುವಾಗಲೇ ನಿಧಾನಕ್ಕೆ ನೇರ ಮಾಡಬಹುದು.

ಬಿಚ್ಚುವುದಕ್ಕೆ ಮೊದಲ ಮದ್ದು ತಾಳ್ಮೆ ಮತ್ತು ಎಣ್ಣೆ. ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವ ಎಟಿಎಫ್ ಎಣ್ಣೆ ಮತ್ತು ಅಸಿಟೋನ್ ಸಮಸಮ ಬೆರೆಸಿ ಸ್ಕ್ರೂ ಒಳಗೆ ಹೋಗುವ ಎರಡೂ ಕಡೆ ಬಿಡಿ. ಅಸಿಟೋನ್ ಇಲ್ಲದಿದ್ದರೆ ಡೀಸೆಲ್ ಕೂಡ ನಡೆಯುತ್ತದೆ, ನಿಧಾನ ಅಷ್ಟೇ. ಬೆಳಗ್ಗೆ ಸಂಜೆ ಬಿಡುತ್ತಾ ಇರಿ. ವೈಸನ್ನು ಒಮ್ಮೆ ತಲೆಕೆಳಗೆ ಇಡಿ, ಒಮ್ಮೆ ಹಿಂಬದಿ ಮೇಲೆ ಮಾಡಿ ಇಡಿ. ನಡುವೆ ನಡುವೆ ಸ್ಕ್ರೂವಿನ ತಲೆಗೆ ಹಿತ್ತಾಳೆ ಅಥವಾ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಆ ಅದುರುವಿಕೆಗೇ ಎಣ್ಣೆ ಒಳಗೆ ಇಳಿಯುತ್ತದೆ. ತಿರುಗಿಸುವಾಗ ಸಡಿಲ ಮಾಡುವ ಕಡೆಗೆ ಮಾತ್ರ ಒತ್ತಬೇಡಿ. ಸ್ವಲ್ಪ ಬಿಗಿ, ಸ್ವಲ್ಪ ಸಡಿಲ, ಹೀಗೆ ಎರಡೂ ಕಡೆ ಆಡಿಸಿ. ಒಂದು ಸಲ ಕಾಳಿನಷ್ಟು ಅಲ್ಲಾಡಿದರೆ ಮುಂದಿನದು ಬರುತ್ತದೆ. ಹಿಡಿಗೆ ಪೈಪ್ ಮಾತ್ರ ಹಾಕಬೇಡಿ.

ಸುಂಟಿಕೊಪ್ಪ_ಗ್ಯಾರೇಜ್:

ಮೇಷ್ಟ್ರು ಹೇಳಿದ್ದು ಎಲ್ಲ ಸರಿ. ಎಣ್ಣೆಗೆ ಬಗ್ಗದಿದ್ದರೆ ಏನು ಮಾಡಬೇಕು ಅನ್ನುವುದನ್ನು ನಾನು ಸೇರಿಸುತ್ತೇನೆ.

ಬೆಂಕಿ. ಆದರೆ ಗ್ಯಾಸ್ ವೆಲ್ಡಿಂಗಿನ ಚೂಪು ಜ್ವಾಲೆ ಬೇಡ. ಚಿಕ್ಕ ಗ್ಯಾಸ್ ಟಾರ್ಚ್ ಅಥವಾ ಬ್ಲೋ ಲ್ಯಾಂಪ್ ಸಾಕು. ಸ್ಕ್ರೂ ಓಡುವ ನಟ್ಟು ಮೈಯ ಒಳಗೆ ಎಲ್ಲಿ ಕೂತಿದೆಯೋ ಆ ಭಾಗದ ಸುತ್ತ ಜ್ವಾಲೆಯನ್ನು ಆಡಿಸುತ್ತಾ ನಿಧಾನಕ್ಕೆ ಬಿಸಿ ಮಾಡಿ, ಒಂದೇ ಕಡೆ ನಿಲ್ಲಿಸಬೇಡಿ. ಕೆಂಪಗೆ ಕಾಯಬೇಕಿಲ್ಲ. ನೀರಿನ ಹನಿ ಬಿದ್ದರೆ ಚುರ್ ಅನ್ನುವಷ್ಟಾದರೆ ಸಾಕು. ಹೊರಗಿನ ಭಾಗ ಹಿಗ್ಗಿದಾಗ ಸ್ಕ್ರೂ ಸೇರುವ ಸಂದಿಗೆ ಮೇಣದ ಬತ್ತಿಯನ್ನು ತಾಗಿಸಿ. ಕರಗಿದ ಮೇಣವನ್ನು ಸಂದಿ ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ತಾನಾಗಿ ಆರಲು ಬಿಡಿ. ಬಿಸಿ ಬೀಡಿನ ಮೇಲೆ ನೀರು ಹುಯ್ದರೆ ಅಲ್ಲೇ ಬಿರುಕು ಬಿಡಬಹುದು. ಒಂದು ಮುಖ್ಯ ವಿಷಯ, ಅಸಿಟೋನ್ ಬಿಟ್ಟ ವೈಸನ್ನು ಹಾಗೇ ಬೆಂಕಿಗೆ ಒಡ್ಡಬೇಡಿ. ಅದು ಪೆಟ್ರೋಲಿನ ಹಾಗೆ ಬೇಗ ಹೊತ್ತಿಕೊಳ್ಳುತ್ತದೆ, ಭಗ್ ಅನ್ನುತ್ತದೆ. ಒರೆಸಿ, ಗಾಳಿಗೆ ಪೂರ್ತಿ ಆರಿದ ಮೇಲೆ ಬೆಂಕಿ.

ಇನ್ನು ತುಕ್ಕು ತೆಗೆಯುವುದು. ಗ್ರೈಂಡರಿಗೆ ವೈರ್ ವೀಲ್ ಹಾಕಿ ಉಜ್ಜುವ ಆಸೆ ಆಗುತ್ತದೆ, ಆದರೆ ಅಕ್ಷರಗಳ ಅಂಚು ಸವೆಯುತ್ತದೆ, ಥ್ರೆಡ್ಡಿನ ಒಳಗೆ ಅದು ಹೋಗುವುದೂ ಇಲ್ಲ. ಹಳೇ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ, ಅದರ ಧೂಳು ಉಸಿರಿಗೆ ಹೋಗಬಾರದು. ನನ್ನ ಮೆಚ್ಚಿನ ದಾರಿ ಬ್ಯಾಟರಿ ಚಾರ್ಜರ್. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ವೈಸ್ ಮುಳುಗುವಷ್ಟು ನೀರು ಹಾಕಿ, 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚದ ಲೆಕ್ಕದಲ್ಲಿ ವಾಷಿಂಗ್ ಸೋಡಾ ಕರಗಿಸಿ. ಅಡುಗೆ ಉಪ್ಪು ಹಾಕಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತದೆ. 12 ವೋಲ್ಟ್ ಚಾರ್ಜರಿನ ನೆಗೆಟಿವ್ ಕ್ಲಿಪ್ ವೈಸಿಗೆ, ಪಾಸಿಟಿವ್ ಕ್ಲಿಪ್ ಹಳೇ ಕಬ್ಬಿಣದ ಸರಳಿಗೆ. ಇದು ಅದಲು ಬದಲಾದರೆ ವೈಸೇ ಸವೆಯುತ್ತದೆ, ಎರಡು ಸಲ ನೋಡಿ ಸ್ವಿಚ್ ಹಾಕಿ. ಸರಳು ವೈಸಿಗೆ ತಾಗಬಾರದು. ಸರಳಿಗೆ ಎದುರಾಗಿರುವ ಕಡೆ ಮಾತ್ರ ಚೆನ್ನಾಗಿ ಕೆಲಸ ಆಗುತ್ತದೆ, ಹಾಗಾಗಿ ಸುತ್ತಲೂ ನಾಲ್ಕು ಸರಳು ನಿಲ್ಲಿಸಿ ಒಟ್ಟಿಗೆ ತಂತಿ ಕಟ್ಟಿ. ಸ್ಟೇನ್‌ಲೆಸ್ ಸ್ಟೀಲ್ ಚಮಚ, ತಟ್ಟೆ ಯಾವುದನ್ನೂ ಬಳಸಬೇಡಿ. ಅದರಲ್ಲಿರುವ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ, ಆ ನೀರನ್ನು ತೋಟಕ್ಕೂ ಚೆಲ್ಲುವಂತಿಲ್ಲ. ಗುಳ್ಳೆಯಾಗಿ ಬರುವುದು ಹೈಡ್ರೋಜನ್, ಅದಕ್ಕೆ ಗಾಳಿಯಾಡುವ ಜಗಲಿಯಲ್ಲಿ ಮಾಡಿ, ಹತ್ತಿರ ಬೀಡಿ ಸಿಗರೇಟು ಬೇಡ. ಈಗಿನ ಕೆಲವು ಆಟೋಮ್ಯಾಟಿಕ್ ಚಾರ್ಜರ್‌ಗಳು ಬ್ಯಾಟರಿ ಕಾಣದೆ ಶುರುವಾಗುವುದೇ ಇಲ್ಲ, ಹಳೇ ಮಾದರಿಯದ್ದು ಹುಡುಕಿ.

ಇದರ ಒಳ್ಳೆಯತನ ಏನು ಅಂದರೆ ತುಕ್ಕು ಹೋದ ಮೇಲೆ ಅದು ಒಳ್ಳೆಯ ಲೋಹವನ್ನು ತಿನ್ನುವುದಿಲ್ಲ. ರಾತ್ರಿಯಿಡೀ ಬಿಟ್ಟರೂ ಭಯ ಇಲ್ಲ. ಹೊರಗೆ ತೆಗೆದ ಕೂಡಲೇ ತೊಳೆದು, ಒರೆಸಿ, ಬಚ್ಚಲು ಒಲೆಯ ಪಕ್ಕ ಬೆಚ್ಚಗೆ ಇಟ್ಟು ಎಣ್ಣೆ ಹಚ್ಚಿ. ನಮ್ಮ ಮಳೆಗಾಲದ ಗಾಳಿಗೆ ಬರೀ ಲೋಹ ನೋಡನೋಡುತ್ತಲೇ ಕಂದು ಬಣ್ಣಕ್ಕೆ ತಿರುಗುತ್ತದೆ.

ಕುಶಾಲನಗರ_ಹುಡುಗ:

ಅಣ್ಣ, ಚಾರ್ಜರ್ ಇಲ್ಲದವರು ಹುಳಿಯಲ್ಲಿ ನೆನೆಹಾಕಬಹುದಾ? ನಮ್ಮ ಕೊಡಗಿನ ಅಡುಗೆಯ ಕರಿ ಹುಳಿ ಕಾಚಂಪುಳಿಯಲ್ಲಿ ತುಕ್ಕು ಹೋಗುತ್ತೆ ಅಂತ ನಮ್ಮ ಪಕ್ಕದ ಮನೆಯವರು ಹೇಳುತ್ತಾರೆ, ನಿಜಾನಾ?

ಫಿಟ್ಟರ್_ಮೇಷ್ಟ್ರು:

ಹುಳಿ ಯಾವುದೇ ಆದರೂ ತುಕ್ಕನ್ನು ಕರಗಿಸುತ್ತದೆ, ಕಾಚಂಪುಳಿಯೂ ಅಷ್ಟೇ, ಹುಣಸೆಯೂ ಅಷ್ಟೇ. ಆದರೆ ಕಾಚಂಪುಳಿ ಪಂದಿಕರಿಗೆ ಇರಲಿ, ಅದರ ಬೆಲೆಗೆ ಈ ಕೆಲಸ ತೂಗುವುದಿಲ್ಲ. ನಿಂಬೆ ಉಪ್ಪು ಅಂತ ಸಿಗುವ ಬಿಳಿ ಪುಡಿ, ಅಂದರೆ ಸಿಟ್ರಿಕ್ ಆಸಿಡ್, ಒಂದು ಲೀಟರ್ ನೀರಿಗೆ 50 ಗ್ರಾಂ ಹಾಕಿದರೆ ಸಾಕು. ಸ್ಕ್ರೂ, ಹಿಡಿ, ಚಿಕ್ಕ ಬೋಲ್ಟುಗಳಿಗೆ ಅದು ಚೆನ್ನಾಗಿದೆ. ಮೈಯ ಭಾಗವನ್ನು ಮಾತ್ರ ಹುಳಿಯಲ್ಲಿ ಮರೆತು ಬಿಡಬೇಡಿ. ಹುಳಿ ತುಕ್ಕು ಮುಗಿದ ಮೇಲೆ ಕಬ್ಬಿಣವನ್ನೂ ತಿನ್ನುತ್ತದೆ. ಬೀಡಿನಲ್ಲಿ ಕಬ್ಬಿಣ ಕರಗಿ ಗ್ರಾಫೈಟ್ ಉಳಿದು ಮೇಲೆ ಕರಿ ಮಸಿ ಕೂರುತ್ತದೆ, ಎಷ್ಟು ಒರೆಸಿದರೂ ಕೈಗೆ ಬರುತ್ತಲೇ ಇರುತ್ತದೆ. ಕೆಲವು ಗಂಟೆಗೊಮ್ಮೆ ಎತ್ತಿ ನೋಡಿ, ಬ್ರಷ್ ಹಾಕಿ. ಕೊನೆಗೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ ತೊಳೆಯಿರಿ, ಇಲ್ಲದಿದ್ದರೆ ಸಂದಿಯಲ್ಲಿ ಉಳಿದ ಹುಳಿ ಮತ್ತೆ ತುಕ್ಕು ತರುತ್ತದೆ.

ನಾಪೋಕ್ಲು_ಅಕ್ಕ:

ಎಲ್ಲರೂ ಬಿಚ್ಚುವುದರಲ್ಲೇ ಇದ್ದೀರಿ, ನಾನು ಬಳಸುವ ವಿಷಯಕ್ಕೆ ಬರುತ್ತೇನೆ. ನಮ್ಮ ತೋಟದಲ್ಲಿ ಚೈನ್ ಅರ ಹಾಕುವ ಕೆಲಸ ನನ್ನದೇ. ಹಾಗಾಗಿ ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ.

ಮೂರು ಇಂಚಿನ ವೈಸಿಗೆ ಸರಿಯಾದ ಕೆಲಸ ಹರಿತ ಮಾಡುವುದೇ. ಇದರಲ್ಲಿ ಕಬ್ಬಿಣ ಬಗ್ಗಿಸಲು ಹೋಗಬೇಡಿ, ಪೈಪ್ ಬಿಗಿ ಮಾಡಲು ಹೋಗಬೇಡಿ, ಸುತ್ತಿಗೆ ಏಟಿಗಂತೂ ಬೇಡವೇ ಬೇಡ. ಅದಕ್ಕೆ ನಿಮ್ಮ ಶೆಡ್ಡಿನ ದೊಡ್ಡದಿದೆ. ಹರಿತ ಮಾಡುವಾಗ ಬೇಕಾಗಿರುವುದು ಬಲ ಅಲ್ಲ, ಅಲ್ಲಾಡದೆ ಇರುವುದು. ಚೈನ್ ಸಾವನ್ನು ತೊಡೆಯ ಮೇಲೆ, ಮರದ ಬೇರಿನ ಮೇಲೆ ಒತ್ತಿ ಹಿಡಿದು ಅರ ಹಾಕುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಒಂದೊಂದು ಹಲ್ಲು ಒಂದೊಂದು ಕೋನಕ್ಕೆ ಹೋಗುತ್ತದೆ. ಆಮೇಲೆ ಸಾ ಒಂದು ಕಡೆಗೆ ಎಳೆಯುತ್ತದೆ, ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಸವೆಯುತ್ತದೆ, ಮರದ ಮೇಲೆ ನಿಂತವನ ಕೈ ಸೋಲುತ್ತದೆ. ಸಿಲ್ವರ್ ಓಕಿನ ಮೇಲೆ ಹಗ್ಗ ಕಟ್ಟಿಕೊಂಡು ನಿಂತವನ ಕೈಯಲ್ಲಿ ಮೊಂಡು ಚೈನ್ ಇರಬಾರದು. ಅದಕ್ಕೇ ಈ ಪುಟ್ಟ ವೈಸ್ ತೋಟದೊಳಗೆ ಹೋಗಬೇಕು ಅನ್ನುವ ನಿಮ್ಮ ಯೋಚನೆ ನನಗೆ ತುಂಬಾ ಇಷ್ಟವಾಯಿತು.

ಇಂಜಿನ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಎಳೆದು, ವೈಸಿನಲ್ಲಿ ಬಾರನ್ನು ಹಿಡಿಸಿ. ಚೈನನ್ನು ಅಲ್ಲ, ಬಾರನ್ನು. ಚೈನ್ ಸಲೀಸಾಗಿ ಜಾರಬೇಕು. ಬಾಯಿಗೆ ಅಲ್ಯೂಮಿನಿಯಂ ಆಂಗಲ್ ತುಂಡು ಎರಡು ಅಥವಾ ಹಲಸಿನ ಮರದ ಪಟ್ಟಿ ಎರಡು ಹಾಕಿದರೆ ಬಾರಿಗೆ ಗಾಯ ಆಗುವುದಿಲ್ಲ. ನಿಮ್ಮ ವೈಸಿನ ಒಂದು ಬಾಯಿ ಪಟ್ಟಿ ಇಲ್ಲ ಅಂದಿರಲ್ಲ, ಈ ಕೆಲಸಕ್ಕೆ ಹಲ್ಲು ಕೊರೆದ ಗಟ್ಟಿ ಪಟ್ಟಿ ಬೇಕಾಗಿಯೇ ಇಲ್ಲ. ಎರಡು ಕಡೆಯೂ ನಯವಾದ ಸಾದಾ ಕಬ್ಬಿಣದ ಪಟ್ಟಿ ಸಾಕು.

ಅರ ಚೈನಿಗೆ ತಕ್ಕದ್ದಾಗಿರಲಿ. ಗಸಿಗೆ ಬಳಸುವ ಚಿಕ್ಕ ಸಾದಲ್ಲಿ ಸಾಮಾನ್ಯವಾಗಿ 3/8 ಇಂಚು ಲೋ ಪ್ರೊಫೈಲ್ ಚೈನ್, ಅದಕ್ಕೆ 4 ಮಿ.ಮೀ. ಉರುಟು ಅರ. ಸ್ವಲ್ಪ ದೊಡ್ಡ ಸಾಗಳ 0.325 ಇಂಚು ಚೈನಿಗೆ 4.8 ಮಿ.ಮೀ. ಹೆಚ್ಚಿನ ಚೈನ್‌ಗಳಿಗೆ 30 ಡಿಗ್ರಿ ಕೋನ, ಆದರೂ ಚೈನಿನ ಡಬ್ಬದ ಮೇಲೆ ಬರೆದಿರುವುದನ್ನೇ ನಂಬಿ. ಅರ ಹಲ್ಲಿನ ಒಳಗಿನಿಂದ ಹೊರಕ್ಕೆ ಮಾತ್ರ ಹೋಗಬೇಕು, ವಾಪಸು ಬರುವಾಗ ಎತ್ತಿಬಿಡಿ. ಒಂದು ಕಡೆಯ ಹಲ್ಲು ಎಲ್ಲ ಮುಗಿಸಿ ಆಮೇಲೆ ಇನ್ನೊಂದು ಕಡೆ. ಎಲ್ಲ ಹಲ್ಲೂ ಒಂದೇ ಉದ್ದ ಇರಲಿ. ಹಲ್ಲಿನ ಮುಂದಿರುವ ಚಿಕ್ಕ ದಿಬ್ಬವನ್ನು ಜನ ಮರೆಯುತ್ತಾರೆ, ಅದು ಹಲ್ಲಿಗಿಂತ ಸುಮಾರು 0.65 ಮಿ.ಮೀ. ಕೆಳಗಿರಬೇಕು, ಗೇಜ್ ಪಟ್ಟಿ ಇಟ್ಟು ಚಪ್ಪಟೆ ಅರದಲ್ಲಿ ಇಳಿಸಿ. ಕಣ್ಣಳತೆಯಲ್ಲಿ ಜಾಸ್ತಿ ಇಳಿಸಿದರೆ ಸಾ ಹಿಂದಕ್ಕೆ ಒದೆಯುತ್ತದೆ.

ಕಳೆ ಮಿಷನ್ನಿನ ಬ್ಲೇಡಿಗೂ ಇದೇ ವೈಸ್ ನಡೆಯುತ್ತದೆ. ಅರ ಹಾಕುವ ಮುಂಚೆ ಬ್ಲೇಡನ್ನು ನೇತುಹಾಕಿ ತಟ್ಟಿ ನೋಡಿ. ಟಣ್ ಅಂದರೆ ಸರಿ, ಒಡಕು ಸದ್ದು ಬಂದರೆ ಬಿರುಕಿದೆ, ಬಿಸಾಡಿ.

ಹಾತೂರು_ತೋಟ:

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ವಿವರ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ಮೇಷ್ಟ್ರೇ, ಸೀಮೆಸುಣ್ಣದ ಪರೀಕ್ಷೆ ಮಾಡಿದೆ. ಮೈ ಮೇಲಿನ ಗೆರೆಯಲ್ಲಿ ಏನೂ ಮೂಡಲಿಲ್ಲ, ಅದು ಅಚ್ಚಿನ ಗೆರೆಯೇ. ಸ್ಕ್ರೂ ಎಣ್ಣೆಗೆ ಬಗ್ಗಲಿಲ್ಲ, ಬಿಸಿ ಮಾಡಿ ಮೇಣ ಬಿಟ್ಟ ಮೇಲೆ ಬಂತು. ಹೊರಗೆ ಬಂದಾಗ ಥ್ರೆಡ್ಡಿನ ತುಂಬ ಕರಿ ಗ್ರೀಸ್ ಮತ್ತು ತುಕ್ಕು ಸೇರಿ ಗಟ್ಟಿಯಾಗಿತ್ತು. ಗೋಣಿ ದಾರವನ್ನು ಸೀಮೆಎಣ್ಣೆಯಲ್ಲಿ ಅದ್ದಿ ಥ್ರೆಡ್ಡಿಗೆ ಸುತ್ತಿ ಎರಡೂ ಕಡೆ ಎಳೆದರೆ ಚೆನ್ನಾಗಿ ಬರುತ್ತದೆ, ಇದನ್ನು ಬೇರೆಯವರಿಗೂ ಹೇಳಬೇಕು ಅನ್ನಿಸಿತು. ಕೆಳಗೆ ಥ್ರೆಡ್ ಅಷ್ಟೇನೂ ಸವೆದಿಲ್ಲ. ನಟ್ಟು ಬೇರೆ ತುಂಡಾಗಿದೆ, ತಳದಿಂದ ಒಂದು ಬೋಲ್ಟ್ ಬಿಚ್ಚಿದರೆ ಹೊರಗೆ ಬರುತ್ತದೆ.

ಈಗ ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಬಾಯಿ ಪಟ್ಟಿಯ ಹಳೇ ಸ್ಕ್ರೂ ಹೇಗೋ ಹೊರಗೆ ಬಂತು, ಆದರೆ ಗೋಣಿಕೊಪ್ಪದ ಅಂಗಡಿಯಲ್ಲಿ ತಂದ 6 ಮಿ.ಮೀ. ಸ್ಕ್ರೂ ಆ ತೂತಿನಲ್ಲಿ ಎರಡು ಸುತ್ತು ಹೋಗಿ ನಿಲ್ಲುತ್ತದೆ. ಇನ್ನೊಂದು, ಮುರಿದ ಕಿವಿಗೆ ವೆಲ್ಡಿಂಗ್ ಮಾಡಿಸಲಾ?

ಲೇತ್_ಕೆಲಸ_ಸೋಮವಾರಪೇಟೆ:

ಆ 6 ಮಿ.ಮೀ. ಸ್ಕ್ರೂವನ್ನು ಇನ್ನು ಒಂದು ಸುತ್ತೂ ಒತ್ತಬೇಡಿ. ಹಳೇ ಇಂಗ್ಲಿಷ್ ವೈಸ್ ಅಂದಮೇಲೆ ಅದು ಹೆಚ್ಚಾಗಿ ಕಾಲು ಇಂಚಿನ ವಿಟ್‌ವರ್ತ್ ಥ್ರೆಡ್. ಕಾಲು ಇಂಚು ಅಂದರೆ 6.35 ಮಿ.ಮೀ., ಇಂಚಿಗೆ 20 ಮರೆ (ಥ್ರೆಡ್ಡಿನ ಸುತ್ತು), ಮರೆಯ ಕೋನ 55 ಡಿಗ್ರಿ. ನೀವು ತಂದಿದ್ದು ಮೆಟ್ರಿಕ್, ಮರೆಯಿಂದ ಮರೆಗೆ 1 ಮಿ.ಮೀ., ಕೋನ 60 ಡಿಗ್ರಿ. ನೋಡಲು ಒಂದೇ, ಕೂರುವುದಿಲ್ಲ. ಒತ್ತಿದರೆ ಬೀಡಿನ ಮರೆ ಪುಡಿಯಾಗಿ ಉದುರುತ್ತದೆ.

ಎರಡು ದಾರಿ ಇದೆ. ತೂತಿನ ಮರೆ ಚೆನ್ನಾಗಿದ್ದರೆ ಕಾಲು ಇಂಚು ಬಿಎಸ್‌ಡಬ್ಲ್ಯು ಅಂತ ಕೇಳಿ, ಕೌಂಟರ್‌ಸಂಕ್ ತಲೆಯದ್ದು, ಅಂದರೆ ತಲೆ ಪಟ್ಟಿಯೊಳಗೆ ಸಮ ಕೂರುವಂಥದ್ದು. ಹಾರ್ಡ್‌ವೇರ್ ಅಂಗಡಿಗಳಲ್ಲಿ ಇನ್ನೂ ಸಿಗುತ್ತದೆ. ಮರೆ ಕೆಟ್ಟಿದ್ದರೆ 6.8 ಮಿ.ಮೀ. ಡ್ರಿಲ್ ಹಾಕಿ ಎಂ8 ಟ್ಯಾಪ್ ಹೊಡೆಯಿರಿ, ಅಂದರೆ 8 ಮಿ.ಮೀ. ಮೆಟ್ರಿಕ್ ಸ್ಕ್ರೂವಿಗೆ ಹೊಸ ಮರೆ ಕೊರೆಯಿರಿ. 6.8 ಅಂದರೆ ಹಳೇ ಮರೆ ಪೂರ್ತಿ ಹೋಗಿ ಹೊಸದಕ್ಕೆ ಶುದ್ಧ ಲೋಹ ಸಿಗುತ್ತದೆ. ಬೀಡಿಗೆ ಟ್ಯಾಪ್ ಹಾಕುವಾಗ ಎಣ್ಣೆ ಬೇಡ, ಒಣಗಿದ್ದರೇ ಒಳ್ಳೆಯದು, ಪುಡಿಯನ್ನು ಆಗಾಗ ಊದಿ ತೆಗೆಯಿರಿ. ಗ್ರಾಫೈಟೇ ಅಲ್ಲಿ ಎಣ್ಣೆಯ ಕೆಲಸ ಮಾಡುತ್ತದೆ.

ಪಟ್ಟಿಗೆ ಅಕ್ಕ ಹೇಳಿದ ಹಾಗೆ ಸಾದಾ ಎಂಎಸ್ ಫ್ಲಾಟ್ (ಮೆದು ಉಕ್ಕಿನ ಪಟ್ಟಿ) ಸಾಕು. ಗಟ್ಟಿ ಪಟ್ಟಿಯೇ ಬೇಕು ಅಂತ ಮುಂದೆ ಅನ್ನಿಸಿದರೆ ಜೀಪಿನ ಮುರಿದ ಸ್ಪ್ರಿಂಗ್ ಪ್ಲೇಟ್ ಇಟ್ಟುಕೊಳ್ಳಿ. ಅದನ್ನು ಹಾಗೇ ಡ್ರಿಲ್ ಮಾಡಲು ಹೋದರೆ ಬಿಟ್ ಸುಡುತ್ತದೆ. ಕುಲುಮೆಯಲ್ಲಿ ಅಯಸ್ಕಾಂತ ಹಿಡಿಯದಷ್ಟು ಕೆಂಪು ಮಾಡಿ, ಒಣ ಬೂದಿಯಲ್ಲಿ ಹೂತು ರಾತ್ರಿಯಿಡೀ ಆರಲು ಬಿಟ್ಟರೆ ಮೆದುವಾಗುತ್ತದೆ. ಆಗ ತೂತು ಹಾಕಿ, ಅರ ಹಾಕಿ, ಮತ್ತೆ ಕೆಂಪು ಮಾಡಿ ಎಣ್ಣೆಯಲ್ಲಿ ಅದ್ದಿ. ಎಣ್ಣೆಯಿಂದ ತೆಗೆದ ಮೇಲೆ ಉಜ್ಜಿ ಹೊಳಪು ಮಾಡಿ, ಹುಲ್ಲಿನ ಹಳದಿ ಬಣ್ಣ ದಾಟಿ ಕಂದು ಬರುವ ತನಕ ಮೆಲ್ಲಗೆ ಕಾಯಿಸಬೇಕು. ಆ ಕೊನೆಯ ಹಂತ ಬಿಟ್ಟರೆ ಪಟ್ಟಿ ಏಟಿಗೆ ಸಿಡಿಯುತ್ತದೆ.

ಕಿವಿಗೆ ವೆಲ್ಡಿಂಗ್ ಬೇಡ. ಇದನ್ನು ದುಡ್ಡು ಬರುವ ಕೆಲಸ ಬಿಟ್ಟುಕೊಟ್ಟು ಹೇಳುತ್ತಿದ್ದೇನೆ. ಬೀಡಿಗೆ ಸಾದಾ ರಾಡ್ ಹಾಕಿ ಸುಟ್ಟರೆ ಬೆಸುಗೆ ಕೂತ ಹಾಗೆ ಕಾಣುತ್ತದೆ. ಆದರೆ ಅದರ ಪಕ್ಕದಲ್ಲೇ ಬೀಡು ಗಾಜಿನಂತೆ ಗಟ್ಟಿಯಾಗಿ, ಆರುವಾಗ ಅಲ್ಲಿಂದ ಬಿಡುತ್ತದೆ. ನಿಕ್ಕಲ್ ರಾಡ್ ಬೇಕು, ಮೊದಲೇ ಬಿಸಿ ಮಾಡಬೇಕು, ಚಿಕ್ಕ ಚಿಕ್ಕ ತುಂಡಾಗಿ ಹಾಕಿ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಿ ಬೂದಿಯಲ್ಲಿ ಆರಿಸಬೇಕು. ಹಿತ್ತಾಳೆ ಬ್ರೇಜಿಂಗ್ ಇದಕ್ಕಿಂತ ವಾಸಿ. ಆದರೆ ನಿಮಗೆ ಎರಡೂ ಬೇಕಿಲ್ಲ. 10 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟನ್ನು ತಳಕ್ಕಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ. ಅದರ ಅಡಿಗೆ ಚೌಕ ಪೈಪಿನ ಕಾಲು ವೆಲ್ಡ್ ಮಾಡಿಸಿ, ಉಕ್ಕಿಗೆ ಉಕ್ಕು ಚೆನ್ನಾಗಿ ಹಿಡಿಯುತ್ತದೆ. ಆಮೇಲೆ ವೈಸನ್ನು ಮೂರು ಒಳ್ಳೆಯ ಕಿವಿಗೆ ಬೋಲ್ಟ್ ಹಾಕಿ ಪ್ಲೇಟಿನ ಮೇಲೆ ಕೂರಿಸಿ. ನಾಲ್ಕನೇ ಮೂಲೆಯಲ್ಲಿ ಮುರಿದ ಜಾಗದ ಮೇಲೆ ಒಂದು ಪಟ್ಟಿಯನ್ನು ಅಡ್ಡ ಇಟ್ಟು ಬೋಲ್ಟಿನಿಂದ ಒತ್ತಿ ಹಿಡಿಸಿ. ತಳ ಸಮ ಇಲ್ಲದಿದ್ದರೆ ಬೋಲ್ಟ್ ಬಿಗಿ ಮಾಡುವಾಗ ಇನ್ನೊಂದು ಕಿವಿಯೂ ಮುರಿಯುತ್ತದೆ. ಅಡಿಗೆ ಟ್ಯೂಬಿನ ರಬ್ಬರ್ ಅಥವಾ ತೆಳ್ಳಗಿನ ಚರ್ಮ ಹಾಕಿ ಕೂರಿಸಿ.

ಸುಂಟಿಕೊಪ್ಪ_ಗ್ಯಾರೇಜ್:

ಚೌಕ ಪೈಪಿನ ಉಪಾಯ ಚೆನ್ನಾಗಿದೆ. ಆ ಕಾಲು ಸಡಿಲವಿಲ್ಲದೆ ಇಳಿಯುವಂಥ ಒಂದು ಅಳತೆ ದೊಡ್ಡ ಪೈಪನ್ನು ಜೀಪಿನ ಹಿಂದಿನ ಬಂಪರಿಗೆ ಗೂಡಿನ ಹಾಗೆ ಹಾಕಿಸಿ, ಅಡ್ಡಕ್ಕೆ ಒಂದು ಬೋಲ್ಟ್ ತೂರಿಸಿದರೆ ವೈಸ್ ಅಲ್ಲಾಡುವುದಿಲ್ಲ. ರಸ್ತೆಗೆ ಇಳಿಯುವಾಗ ವೈಸನ್ನು ತೆಗೆದು ಒಳಗಿಡಿ, ಹಿಂದೆ ಚಾಚಿಕೊಂಡಿರಬಾರದು.

ಪೇಂಟ್ ಬಗ್ಗೆ ಒಂದು ಮಾತು. ರೆಡ್ ಆಕ್ಸೈಡ್ ಹೊಡೆದು ಮೇಲೆ ಎನಾಮಲ್ ಹೊಡೆಯಿರಿ, ಕನಿಷ್ಠ ಹೊರ ಮೈಗೆ. ಮಡಿಕೇರಿ ಕಡೆ ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆ, ಬರೀ ಎಣ್ಣೆಗೆ ತಡೆಯುವುದಿಲ್ಲ.

ಫಿಟ್ಟರ್_ಮೇಷ್ಟ್ರು:

ಪೇಂಟಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಜಾರುವ ಭಾಗಕ್ಕೆ, ಸ್ಕ್ರೂವಿಗೆ, ಬಾಯಿ ಪಟ್ಟಿಯ ಹಿಂದೆ, ತಳದ ಅಡಿಗೆ ಪೇಂಟ್ ಬೀಳಲೇಬಾರದು. ಜಾರುವ ಕಡೆ ಬಿದ್ದರೆ ಬಿಗಿಯುತ್ತದೆ, ಪಟ್ಟಿಯ ಹಿಂದೆ ಬಿದ್ದರೆ ಪಟ್ಟಿ ಸಮ ಕೂರುವುದಿಲ್ಲ. ಇನ್ನು ಹೊರಮೈಯಲ್ಲಿ ಅಲ್ಲಲ್ಲಿ ಉಳಿದಿರುವ ಹಳೇ ಬಣ್ಣ ಗಟ್ಟಿಯಾಗಿದ್ದರೆ ಅದನ್ನು ಇರಲು ಬಿಡಿ ಅನ್ನುವುದು ನನ್ನ ಆಸೆ. ಪೇಂಟಿನ ಅಡಿಗೆ ತುಕ್ಕು ಹರಿದರೆ ಕಣ್ಣಿಗೆ ಕಾಣುವುದಿಲ್ಲ, ಎಣ್ಣೆಯ ಮೈಯಲ್ಲಿ ತುಕ್ಕು ಬಂದರೆ ಅವತ್ತೇ ಕಾಣುತ್ತದೆ.

ನಮ್ಮ ಕಡೆ ಸುಲಭಕ್ಕೆ ಸಿಗುವ ಜೇನುಮೇಣ ಇದಕ್ಕೆ ತುಂಬಾ ಒಳ್ಳೆಯದು. ಒಂದು ಪಾಲು ಮೇಣಕ್ಕೆ ಎರಡು ಮೂರು ಪಾಲು ಅಗಸೆ ಎಣ್ಣೆ, ಪೇಂಟ್ ಅಂಗಡಿಯಲ್ಲಿ ಸಿಗುವ ಕುದಿಸಿದ್ದು. ನೇರ ಬೆಂಕಿ ಬೇಡ, ಬಿಸಿನೀರಿನ ಪಾತ್ರೆಯೊಳಗೆ ಡಬ್ಬ ಇಟ್ಟು ಕರಗಿಸಿ. ಮೇಣ 65 ಡಿಗ್ರಿಯ ಒಳಗೇ ಕರಗುತ್ತದೆ. ವೈಸ್ ಕೈಗೆ ಬೆಚ್ಚಗೆ ತಾಗುವಷ್ಟು ಕಾಯಿಸಿ ತೆಳ್ಳಗೆ ಹಚ್ಚಿ, ಉಳಿದಿದ್ದನ್ನು ಒರೆಸಿಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗಿ ಬಟ್ಟೆ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಹಾಕಿ. ಸ್ಕ್ರೂವಿಗೆ ಮಾತ್ರ ಗ್ರೀಸ್. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ. ಇಂಜಿನ್ನಿಂದ ಇಳಿಸಿದ ಕರಿ ಎಣ್ಣೆಯೂ ಬೇಡ, ಅದರಲ್ಲಿ ಹುಳಿ ಅಂಶ ಸೇರಿರುತ್ತದೆ.

ಹಾತೂರು_ತೋಟ:

ಮೇಣದ ಲೆಕ್ಕ ಬರೆದಿಟ್ಟುಕೊಂಡೆ. ವೆಲ್ಡಿಂಗ್ ಕೈ ಬಿಟ್ಟೆ, ಪ್ಲೇಟ್ ಮಾಡಿಸುತ್ತೇನೆ. ಅಕ್ಕ, ನಮ್ಮ ತೋಟದಲ್ಲಿ ಎರಡು ಕಡೆ ಜೀಪ್ ಹೋಗುವುದಿಲ್ಲ, ಇಳಿಜಾರು ಜಾಸ್ತಿ. ಅಲ್ಲಿಗೆ ಏನು ಮಾಡಲಿ? ಕಡಿದ ಸಿಲ್ವರ್ ಓಕಿನ ಬುಡ ಒಂದಿದೆ, ಅದರ ಮೇಲೆ ಕೂರಿಸಿದರೆ ಆಗುತ್ತಾ?

ನಾಪೋಕ್ಲು_ಅಕ್ಕ:

ಸಿಲ್ವರ್ ಓಕಿನ ಬುಡ ಎರಡು ಮಳೆಗಾಲಕ್ಕೆ ಮೆತ್ತಗಾಗುತ್ತದೆ, ಬೋಲ್ಟ್ ಹಿಡಿಯುವುದಿಲ್ಲ. ಜೀಪಿಗೆ ಹಾಕಿಸುವ ಅಳತೆಯದ್ದೇ ಇನ್ನೆರಡು ಪೈಪ್ ತುಂಡು ಕತ್ತರಿಸಿ, ಆ ಎರಡು ಜಾಗದಲ್ಲಿ ಕಾಂಕ್ರೀಟ್ ಹಾಕಿ ನೆಟ್ಟುಬಿಡಿ. ಪೈಪಿನ ಅಡಿ ತೆರೆದಿರಲಿ, ಕೆಳಗೆ ಜಲ್ಲಿ ಹಾಕಿ, ಇಲ್ಲದಿದ್ದರೆ ನೀರು ನಿಂತು ಒಳಗಿನಿಂದ ತುಕ್ಕು ತಿನ್ನುತ್ತದೆ. ಬಾಯಿಗೆ ಒಂದು ಡಬ್ಬ ಮುಚ್ಚಿ. ಎತ್ತರ ಲೆಕ್ಕ ಹಾಕುವಾಗ ವೈಸ್ ಕೂರಿಸಿದ ಮೇಲೆ ಅದರ ಬಾಯಿ, ನಿಂತವರ ಮೊಣಕೈ ಮಟ್ಟಕ್ಕೆ ಬರಬೇಕು. ಚೈನಿಗೆ ಅರ ಹಾಕುವವರು ಯಾರೋ ಅವರನ್ನೇ ಅಲ್ಲಿ ನಿಲ್ಲಿಸಿ ಅಳೆಯಿರಿ, ನಿಮ್ಮ ಎತ್ತರಕ್ಕೆ ಅಲ್ಲ. ಇಳಿಜಾರಿನಲ್ಲಿ ನಿಲ್ಲುವ ಜಾಗವನ್ನು ಸ್ವಲ್ಪ ಕಡಿದು ಸಮ ಮಾಡಿಸಿ. ಬೆಳಕು ಬರುವ ಕಡೆಗೆ ಮುಖ ಇರಲಿ, ಬೆಳ್ಳಿ ಹೊಳಪು ಉಳಿದ ಹಲ್ಲು ಮೊಂಡು ಅಂತ ಆಗಲೇ ಕಾಣುವುದು.

ಕಾಂಕ್ರೀಟನ್ನು ಮಳೆ ಬಿಟ್ಟ ಮೇಲೆ ಹಾಕಿಸಿ. ಹೇಗೂ ಗಸಿ ಶುರುವಾಗುವುದು ಕೊಯ್ಲು ಮುಗಿದ ಮೇಲೆ ತಾನೇ, ಸಮಯ ಇದೆ. ಅಲ್ಲಿಯವರೆಗೆ ಜೀಪಿನ ಗೂಡೊಂದೇ ಸಾಕು.